ಮೂರು ರೊಟ್ಟಿಯಷ್ಟು ಉತ್ತರ

ಕಲಬುರಗಿಯ ಹೈಸ್ಕೂಲೊಂದರಲ್ಲಿ ನಾನು ಪಾಠ ಹೇಳತೊಡಗಿ ಕೆಲವು ವರ್ಷಗಳಾಗಿದ್ದವು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಮಗೆಲ್ಲ ಒಂದು ದಿನದ ತರಬೇತಿ ಇಟ್ಟರು. ಹೊರಗಿನಿಂದ ಬಂದ ವೈದ್ಯರೊಬ್ಬರು ಎಡಿಎಚ್‌ಡಿ ಎಂಬುದರ ಬಗ್ಗೆ ಮಾತಾಡಿದರು. ಕೆಲವು ಮಕ್ಕಳಿಗೆ ಗಮನ ಒಂದೆಡೆ ನಿಲ್ಲುವುದಿಲ್ಲ, ಹೊತ್ತು ಹೋದದ್ದು ತಿಳಿಯುವುದಿಲ್ಲ, ಅದು ಸೊಕ್ಕೂ ಅಲ್ಲ, ಸೋಮಾರಿತನವೂ ಅಲ್ಲ ಎಂದರು. ಅಂಥವರಿಗೆ ಕೆಲಸವನ್ನು ತುಂಡು ತುಂಡು ಮಾಡಿ ಕೊಡಿ, ಹೊತ್ತು ಕಣ್ಣಿಗೆ ಕಾಣುವ ಹಾಗೆ, ಇಲ್ಲವೇ ಕಿವಿಗೆ ಕೇಳುವ ಹಾಗೆ ಮಾಡಿ ಎಂದರು. ಅಕ್ಕಪಕ್ಕದವರು ಬರೆದುಕೊಂಡರು. ನನಗೆ ಮಾತ್ರ ಎಲ್ಲಿಂದಲೋ ಜೋಳದ ರೊಟ್ಟಿಯ ವಾಸನೆ ಬಂದಂತಾಗಿ ನಕ್ಕುಬಿಟ್ಟೆ. ವೈದ್ಯರು ಏನಾಯಿತೆಂದು ಕೇಳಿದರು. "ಏನಿಲ್ಲ ಸರ್, ನಮ್ಮವ್ವ ನೆನಪಾದ್ಳು" ಎಂದೆ. ಅವರಿಗೆ ಏನೂ ಅರ್ಥವಾಗಲಿಲ್ಲ, ಪಾಪ.

ಎಂಬತ್ತರ ದಶಕದ ಕಮಲಾಪುರದಲ್ಲಿ ಇಂಥ ಇಂಗ್ಲಿಷ್ ಹೆಸರು ಯಾರಿಗೆ ಗೊತ್ತಿತ್ತು? ನನ್ನನ್ನು ಕರೆಯಲು ಬೇರೆ ಹೆಸರುಗಳು ಬೇಕಾದಷ್ಟಿದ್ದವು. ಅಜ್ಜಿ "ಕುಂತಲ್ಲಿ ಕುಂದ್ರಂಗಿಲ್ಲ, ನಿಂತಲ್ಲಿ ನಿಂದ್ರಂಗಿಲ್ಲ" ಎನ್ನುತ್ತಿದ್ದಳು. ನೀರು ತರಲು ಕಳಿಸಿದರೆ ಕೊಡವನ್ನು ಬಾವಿಕಟ್ಟೆಯ ಮೇಲೆ ಬಿಟ್ಟು, ಬಾಳೆ ತೋಟದಲ್ಲಿ ಗೊನೆ ಕಡಿಯುವವರ ಹಿಂದೆ ತಿರುಗುತ್ತಿದ್ದೆ. ಬೆಳಿಗ್ಗೆ ಹೋದವಳು ಊಟದ ಹೊತ್ತಿಗೆ ಬಂದು, ಈಗ ತಾನೇ ಹೋಗಿದ್ದೆನಲ್ಲ ಎಂದು ವಾದಿಸುತ್ತಿದ್ದೆ. ಸುಳ್ಳಲ್ಲ, ನನ್ನ ಲೆಕ್ಕದಲ್ಲಿ ಅದು ಈಗ ತಾನೇ.

ಸಾಲಿಯಲ್ಲಿ ಇದೇ ದೊಡ್ಡ ಕಷ್ಟವಾಯಿತು. ಓದಿದ್ದು ತಲೆಗೆ ಹತ್ತುತ್ತಿತ್ತು, ಆದರೆ ಒಂದು ಪರೀಕ್ಷೆಯನ್ನೂ ಪೂರ್ತಿ ಬರೆದವಳಲ್ಲ. ಹತ್ತನೆಯ ತರಗತಿಯ ಅರ್ಧವಾರ್ಷಿಕದಲ್ಲಿ ಬಹಮನಿ ಸುಲ್ತಾನರ ಬಗ್ಗೆ ನಾಲ್ಕು ಸಾಲು ಬರೆಯಿರಿ ಎಂದು ಕೇಳಿದ್ದರು. ಅಪ್ಪನ ಜೊತೆ ಒಮ್ಮೆ ಕೋಟೆ ನೋಡಿ ಬಂದಿದ್ದೆನಲ್ಲ, ಶುರು ಮಾಡಿದೆ. ಬುರುಜಿನ ಮೇಲಿನ ತೋಪು, ಮಸೀದಿಯ ಕಮಾನುಗಳು, ಕಮಾನಿನಲ್ಲಿ ಕೂತ ಪಾರಿವಾಳಗಳು, ಅಪ್ಪ ಕೊಡಿಸಿದ ಶೇಂಗಾ, ಎಲ್ಲ ಬರೆದೆ. ತಲೆ ಎತ್ತಿದಾಗ ಗಂಟೆ ಹೊಡೆದಿತ್ತು. ಉಳಿದ ಪ್ರಶ್ನೆಗಳನ್ನು ಓದಿಯೇ ಇರಲಿಲ್ಲ.

ಮನೆಯವರು ತಮಗೆ ತಿಳಿದ ಮದ್ದು ಮಾಡಿದರು. ಅಪ್ಪ ದರ್ಗಾದಿಂದ ತಾಯಿತ ತಂದು ಕಟ್ಟಿದ. ಅದೂ ನಡೆಯದಿದ್ದಾಗ ತನ್ನ ಕೈಗಡಿಯಾರ ಬಿಚ್ಚಿ ಕೊಟ್ಟ. ಅದು ಇನ್ನೂ ಫಜೀತಿ ಮಾಡಿತು. ಸೆಕೆಂಡಿನ ಮುಳ್ಳು ಓಡುವುದನ್ನು ನೋಡುತ್ತ ಕೂತರೆ ಬರೆಯುವುದೇ ಮರೆತುಹೋಗುತ್ತಿತ್ತು.

ಹೆಡ್ ಮಾಸ್ತರು ತೀರ್ಮಾನ ಹೇಳಿಬಿಟ್ಟರು. "ಈ ಹುಡುಗೀನ್ನ ಈ ವರ್ಷ ದೊಡ್ಡ ಪರೀಕ್ಷಾಕ ಕೂಡ್ಸೋದು ಬ್ಯಾಡ್ರಿ. ಸಾಲಿ ರಿಸಲ್ಟ್ ಕೆಡ್ತದ." ಅಪ್ಪನೂ ಹೂಂ ಎಂದ. ಹೊಲದಲ್ಲಿ ಕೆಲಸಕ್ಕೇನು ಕಡಿಮೆಯೇ? ಆಗ ಅಡ್ಡ ಬಂದವರು ನಮ್ಮ ಗಣಿತದ ಟೀಚರ್. ಕಲಬುರಗಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ಮನೆಮಾತು ಮರಾಠಿ, ನಮಗೆ ಕನ್ನಡದಲ್ಲಿ ಲೆಕ್ಕ ಹೇಳಿ ತಾವು ಮಾತ್ರ ಬಾಯೊಳಗೆ ಮರಾಠಿಯಲ್ಲಿ ಎಣಿಸುತ್ತಿದ್ದರು. "ಅಕಿ ಜವಾಬ್ದಾರಿ ನಂದ್ರಿ" ಎಂದು ಅವರು ಹೆಡ್ ಮಾಸ್ತರಿಗೆ ಮಾತು ಕೊಟ್ಟರು. ಅಪ್ಪ ಒಪ್ಪಿದ, ಆದರೆ ಒಂದೇ ಸಲ. ಪಾಸಾದರೆ ಮುಂದೆ ಕಾಲೇಜು, ಇಲ್ಲದಿದ್ದರೆ ಸಾಲಿ ಬಂದ್.

ಮಾತು ಕೊಟ್ಟದ್ದೇನೋ ನಿಜ, ದಾರಿ ಟೀಚರಿಗೂ ಗೊತ್ತಿರಲಿಲ್ಲ. ಒಂದು ಸಂಜೆ ಅವ್ವನ ಜೊತೆ ಮಾತಾಡಲು ಮನೆಗೆ ಬಂದರು. ಅವ್ವ ರೊಟ್ಟಿ ಬಡಿಯುತ್ತಿದ್ದಳು, ನಾನು ಒಲೆಯ ಮುಂದೆ ಕೂತು ಬೇಯಿಸುತ್ತಿದ್ದೆ. ಟೀಚರ್ ಅಡುಗೆಮನೆಯ ಹೊಸ್ತಿಲ ಹೊರಗೆ ಮಣೆ ಹಾಕಿಸಿಕೊಂಡು ಕೂತರು. ನಾನು ಅವರಿಗೆ ಊರ ಸುದ್ದಿಯನ್ನೆಲ್ಲ ಹೇಳುತ್ತಲೇ ಇದ್ದೆ. ಹೆಂಚಿನ ಕಡೆ ನೋಡದೆಯೇ ರೊಟ್ಟಿಗೆ ನೀರು ಸವರುತ್ತಿದ್ದೆ, ತಿರುವಿ ಹಾಕುತ್ತಿದ್ದೆ, ಕೆಂಡಕ್ಕೆ ಒರಗಿಸಿ ಉಬ್ಬಿಸಿ ಬುಟ್ಟಿಗೆ ಹಾಕುತ್ತಿದ್ದೆ. ಅವ್ವನ ಬಳೆ ಸದ್ದು ನಿಂತಿತೆಂದರೆ ಮುಂದಿನ ರೊಟ್ಟಿ ತಯಾರು, ಹೆಂಚು ಖಾಲಿ ಇರಬೇಕು. ಅಷ್ಟೇ ನನ್ನ ಲೆಕ್ಕ.

ಟೀಚರ್ ನನ್ನ ಮಾತು ಕೇಳುವುದನ್ನು ಬಿಟ್ಟು ಕೈ ನೋಡತೊಡಗಿದ್ದರು. "ಅಗಬಾಯಿ! ಈ ಹುಡುಗಿಗಿ ಟೈಮ್ ತಿಳೀದಿಲ್ಲಂತ ಯಾರ್ ಹೇಳಿದ್ರು? ಒಂದ್ ರೊಟ್ಟಿನೂ ಸೀದಿಲ್ಲಲ್ಲ!"

ಮರುದಿನದಿಂದ ಹೊಸ ಶಿಸ್ತು. ಸಣ್ಣ ಪ್ರಶ್ನೆಗೆ ಒಂದು ರೊಟ್ಟಿ, ದೊಡ್ಡದಕ್ಕೆ ಮೂರು. ನಾನು ಹೊಸ್ತಿಲ ಮೇಲೆ ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಕೂಡಬೇಕು, ಅವ್ವ ಬಡಿಯಬೇಕು, ತಾನೇ ಬೇಯಿಸಬೇಕು. ಲೆಕ್ಕದ ರೊಟ್ಟಿ ಬುಟ್ಟಿಗೆ ಬಿದ್ದ ಕೂಡಲೇ ಅವ್ವ "ಮುಂದ!" ಎನ್ನಬೇಕು. ನಾನು ಬರೆಯುತ್ತಿದ್ದುದು ಅರ್ಧವಾಗಿದ್ದರೂ ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಬೇಕು. ಅವ್ವನಿಗೆ ಇದು ಹುಡುಗಾಟವೆನಿಸಿತು. "ನನ್ನ ರೊಟ್ಟಿ ಏನ್ ಗಡಿಯಾರೇನ್ರಿ ಬಾಯಾರ?" ಎಂದಳು; ಟೀಚರನ್ನು ಅವಳು ಕರೆಯುತ್ತಿದ್ದುದೇ ಹಾಗೆ. ಆದರೂ ಮಾಡಿದಳು.

ಆ ಸಂಜೆಗಳು ನನಗೆ ಈಗಲೂ ಬೇಕೆನಿಸುತ್ತವೆ. ಹೊರಗೆ ದನ ಮನೆಗೆ ಬರುವ ಹೊತ್ತು, ಒಳಗೆ ಒಲೆಯ ಬೆಳಕು, ಟಪ ಟಪ ಎಂಬ ಅವ್ವನ ಅಂಗೈ, ಹಿಟ್ಟು ಮೆತ್ತಿದ ಹಸಿರು ಬಳೆಗಳ ಸದ್ದು. ನನ್ನ ಜನ್ಮದಲ್ಲಿ ಮೊದಲ ಸಲ ಹೊತ್ತು ಎಂಬುದು ನನ್ನ ಪಕ್ಕದಲ್ಲೇ ಬಂದು ಕೂತಿತ್ತು. ನಾನು ಅಷ್ಟು ಹೊತ್ತು ಒಂದೇ ಕಡೆ ಕೂತದ್ದನ್ನು ನೋಡಿ ಅಜ್ಜಿ, ಹುಡುಗಿಗೆ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡಿದ್ದಳು.

ಕೆಲವೇ ದಿನಗಳಲ್ಲಿ ಮನೆಯಲ್ಲಿ ಇಡೀ ಪ್ರಶ್ನೆಪತ್ರಿಕೆ ಮುಗಿಸತೊಡಗಿದೆ. ಒಂದು ಉತ್ತರವೂ ಅರ್ಧವಾಗುತ್ತಿರಲಿಲ್ಲ. ಕೊನೆಯ ಅಕ್ಷರ ಬರೆಯುವುದಕ್ಕೂ ಅವ್ವ "ಮುಂದ!" ಎನ್ನುವುದಕ್ಕೂ ಸರಿಹೋಗುತ್ತಿತ್ತು. ನಾನು ಹಿಗ್ಗಿ ಹೀರೇಕಾಯಿಯಾದೆ. ಆದರೆ ಟೀಚರ್ ತರಗತಿಯಲ್ಲಿ ಕಿರುಪರೀಕ್ಷೆ ಕೊಟ್ಟಾಗ ಮತ್ತೆ ಅದೇ ಹಾಡು. ಅರ್ಧ ಪತ್ರಿಕೆ ಖಾಲಿ. ಮನೆಯಲ್ಲಿ ಬರುವುದು ಇಲ್ಲೇಕೆ ಬರುವುದಿಲ್ಲ ಎಂದು ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ನಾನು ಅತ್ತೆ. ಇನ್ನೇನು, ಹೊಲವೇ ಗತಿ ಎಂದುಕೊಂಡೆ.

ಗುಟ್ಟು ರಟ್ಟಾದದ್ದು ಊಟದ ಬಿಡುವಿನಲ್ಲಿ. ನಾನು ಬುತ್ತಿ ಬಿಚ್ಚಿ ಕೂತಿದ್ದೆ. ಟೀಚರ್ ಹತ್ತಿರ ಬಂದು ನನ್ನ ರೊಟ್ಟಿಯೊಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಅದರ ಹಿಂದಿದ್ದ ಅವರ ಬೆರಳುಗಳು ಕಾಣುತ್ತಿದ್ದವು.

"ನಿಮ್ಮವ್ವ ಮೊದಲಿಂದ್ಲೂ ಇಷ್ಟ್ ತೆಳ್ಳಗ ಬಡೀತಾರೇನು?"

"ಇಲ್ರಿ ಟೀಚರ್. ನಾ ಬರಿಯಾಕ ಕುಂತಾಗಿಂದ ಹಿಂಗ."

ಅವರು ರೊಟ್ಟಿಯ ಅಂಚು ಮುರಿದು ಬಾಯಿಗೆ ಹಾಕಿಕೊಂಡರು. ಅವರ ಮನೆಯಲ್ಲಿ ಬಹಳ ಮಡಿ. ನಮ್ಮಲ್ಲಿ ಬಾಳೆಹಣ್ಣು ಬಿಟ್ಟು ಬೇರೇನನ್ನೂ ಅವರು ಅಲ್ಲಿಯವರೆಗೆ ತಿಂದವರಲ್ಲ.

ಆ ಸಂಜೆ ಟೀಚರ್ ಮತ್ತೆ ಮನೆಗೆ ಬಂದರು. "ಅಕಿ ಪೆನ್ನು ನಿಲ್ಲೋತನಕ ನೀವು ಬಡೀತೀರಲ್ರಿ? ಅಕಿ ಮುಗಿಸ್ಲಿ ಅಂತ ರೊಟ್ಟಿ ತಟ್ಟೇ ತಟ್ಟತೀರಿ."

ಅವ್ವ ಕಳವಿನಲ್ಲಿ ಸಿಕ್ಕಿಬಿದ್ದವಳ ಹಾಗೆ ಹಿಟ್ಟಿನ ಕಡೆ ನೋಡುತ್ತ ಕೂತಳು. "ಇನ್ನೆರಡು ಸಾಲು ಉಳದಿರ್ತಾವ, ಬಾಯಾರ. ಹೆಂಗ ನಿಲ್ಲಿಸ್ಲಿ?"

"ಪರೀಕ್ಷಾದಾಗ ಅಕಿ ಸಲುವಾಗಿ ಯಾರೂ ತಡಿಯೂದಿಲ್ರಿ. ಅಕಿ ಬರಿಯಾಕತ್ತಿದ್ರೂ ನೀವು ರೊಟ್ಟಿ ಹೆಂಚಿಗಿ ಹಾಕ್ಬೇಕು. ನೀವು ಹಾಕಿದ್ರನ ಅಕಿ ಪಾಸ್."

ಮರುದಿನ ಅವ್ವ ಒಲೆಯ ಮುಂದೆ ನನಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ಕೂತಳು. ನನ್ನ ಪೆನ್ನು ಕಣ್ಣಿಗೆ ಬಿದ್ದರೆ ಕೈ ನಿಲ್ಲುವುದಿಲ್ಲವೆಂದು ಅವಳಿಗೇ ಗೊತ್ತಿತ್ತು. "ಮುಂದ!" ಎನ್ನುವಾಗ ಧ್ವನಿ ಒರಟಾಗಿರುತ್ತಿತ್ತು. ಅರ್ಧ ಉತ್ತರ ಬಿಟ್ಟು ಮುಂದೆ ಹೋಗುವುದು ನನಗೆ ಊಟದ ನಡುವೆ ಎಬ್ಬಿಸಿದಂತಾಗುತ್ತಿತ್ತು. ನಾನು ಗೋಗರೆದೆ, ಜಗಳವಾಡಿದೆ, ಒಮ್ಮೆ ಪೆನ್ನು ಬೀಸಿ ಒಗೆದೆ. ಅವ್ವ ತಿರುಗಿ ನೋಡಲಿಲ್ಲ. ದಿನಗಳು ಕಳೆದಂತೆ ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಎಂಬುದು ಮೊದಲೇ ಹೊಳೆಯತೊಡಗಿತು. ತೋಪು ಸಾಕು, ಪಾರಿವಾಳ ಬೇಡ. ರೊಟ್ಟಿ ದಪ್ಪಗಾದವು. ಅಪ್ಪ ಗೊಣಗಿದ, ಯಾರೂ ಅವನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ.

ದೊಡ್ಡ ಪರೀಕ್ಷೆ ಕಲಬುರಗಿಯಲ್ಲಿ, ಕೋಟೆಗೆ ಹತ್ತಿರದ ಒಂದು ಸಾಲಿಯಲ್ಲಿ ಇತ್ತು. ದಿನಾ ಬೆಳಿಗ್ಗೆ ಅಪ್ಪ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದ. ಅಷ್ಟು ದೊಡ್ಡ ಕೋಣೆ, ಗುರುತಿಲ್ಲದ ಮುಖಗಳು. ಮೊದಲ ದಿನ ಎಡಗೈಯನ್ನು ತೊಡೆಯ ಮೇಲಿಟ್ಟು ಮೆಲ್ಲಗೆ ತಟ್ಟಿಕೊಂಡೆ. ಸ್ವಲ್ಪ ಹೊತ್ತಿಗೆ ತಟ್ಟುವುದೂ ಬೇಕಾಗಲಿಲ್ಲ. ಕಿವಿಯಲ್ಲಿ ಅವ್ವ ಬಡಿಯುತ್ತಲೇ ಇದ್ದಳು. ಕೊನೆಯ ಗಂಟೆ ಹೊಡೆದಾಗ ನನ್ನ ಪತ್ರಿಕೆಯಲ್ಲಿ ಮೂರ್ನಾಲ್ಕು ಉತ್ತರ ಅರೆಬರೆಯಾಗಿದ್ದವು, ಆದರೆ ಮುಟ್ಟದ ಪ್ರಶ್ನೆ ಒಂದೂ ಇರಲಿಲ್ಲ.

ಫಲಿತಾಂಶದ ದಿನ ಟೀಚರ್ ಬೆಳಗಿನ ಬಸ್ಸಿಗೇ ಬಂದರು. ಬಾಗಿಲಿಗೆ ಬರುವ ಮೊದಲೇ "ಸೆಕೆಂಡ್ ಕ್ಲಾಸ್!" ಎಂದು ಕೂಗಿದರು. ಅಜ್ಜಿ ಸಕ್ಕರೆ ಹಂಚಿದಳು. ಅಪ್ಪ, ಕಾಲೇಜಿಗೆ ಬಸ್ಸಿನ ಪಾಸು ಎಲ್ಲಿ ಮಾಡಿಸಬೇಕೆಂದು ಟೀಚರನ್ನು ಕೇಳಿದ. ನಾನು ಅಂಗಳದ ತುಂಬ ಕುಣಿದೆ. ಅವ್ವ ಮಾತ್ರ ಬಾಗಿಲಿಗೆ ಒರಗಿ ನಿಂತೇ ಇದ್ದಳು. ಟೀಚರ್ ಅವಳ ಕೈ ಹಿಡಿದು ಛೇಡಿಸಿದರು: "ನೀವು ಅವತ್ತಿನಂಗನ ತೆಳ್ಳಗ ಬಡೀತಿದ್ರ ನಾನೂ ಮುಳಗ್ತಿದ್ದೆ, ಅಕಿನೂ ಮುಳಗ್ತಿದ್ಳು. ಅಷ್ಟ್ಯಾಕ ಕರಳು ನಿಮಗ?"

ಅವ್ವ ನಗಲಿಲ್ಲ.

"ನನ್ನೂ ಸಾಲಿಗಿ ಹಾಕಿದ್ರು, ಬಾಯಾರ" ಎಂದಳು. ನನಗಾಗಲಿ ಅಪ್ಪನಿಗಾಗಲಿ ಅದು ಗೊತ್ತಿರಲಿಲ್ಲ. "ನಾನೂ ಹಿಂಗ ಇದ್ದೆ, ಇಕಿ ಇದ್ದಂಗ. ಪಾಟಿ ಮ್ಯಾಲ ಇನ್ನೂ ಬರಿಯಾಕತ್ತಿರ್ತಿದ್ದೆ, ಮಾಸ್ತರ ಬಂದು ಒರಸಿಬಿಡ್ತಿದ್ರು. ತಲಿ ಇಲ್ಲದಾಕಿ ಅಂತ ಮನಿಗಿ ಕಳಿಸಿದ್ರು. ನನಗ ಬರ್ತಿತ್ರಿ, ಬಾಯಾರ. ಜರಾ ತಡದಿದ್ರ ಬರೀತಿದ್ದೆ."