ನಡುವೆ ಬಾಯಿ ಹಾಕಬಹುದು

ನಮ್ಮಕ್ಕನಿಗೆ ಕಣ್ಣು ಮಂಜಾಗುತ್ತ ಬಂದು ಕೊನೆಗೆ ಅಕ್ಷರವೇ ಕಾಣದಂತಾದಾಗ, ಅವಳಿಗಿಂತ ಹೆಚ್ಚು ಸಿಟ್ಟು ಬಂದದ್ದು ನನಗೆ. ಸಂಡೂರಿನ ಒಂದು ಖಾಸಗಿ ಶಾಲೆಯಲ್ಲಿ ಅವಳು ಸಮಾಜ ವಿಜ್ಞಾನ ಕಲಿಸುತ್ತಾಳೆ. ಪಾಠವೆಲ್ಲ ಬಾಯಲ್ಲೇ ಇತ್ತು. ಆದರೆ ಪ್ರಶ್ನೆಪತ್ರಿಕೆ ಮಾಡುವುದು ಹೇಗೆ? ಬೇಸಿಗೆ ರಜೆ ಮುಗಿಯುವುದರೊಳಗೆ ಕಂಪ್ಯೂಟರಿನಲ್ಲಿ ತನ್ನ ಕೆಲಸ ತಾನೇ ಮಾಡಿಕೊಳ್ಳಬೇಕು, ಇಲ್ಲವಾದರೆ ತರಗತಿ ಬಿಡಬೇಕು ಎಂದು ಶಾಲೆಯ ಕಾರ್ಯದರ್ಶಿ ಹೇಳಿದ್ದರು. ಅಕ್ಕ "ಹೂಂ ಸರ್" ಎಂದು ಬಂದಿದ್ದಳು.

ನಾನು ಹೊಸಪೇಟೆಯಲ್ಲಿರುವವಳು. ತೋರಣಗಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸಗಾರರಿಗೆ ಸುರಕ್ಷತೆಯ ಸೂಚನೆಗಳನ್ನು ಕನ್ನಡದಲ್ಲಿ ಬರೆದುಕೊಡುತ್ತೇನೆ. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಪುಕ್ಕಟೆ ಸಾಫ್ಟ್‌ವೇರ್ ಒಂದನ್ನು ಅಕ್ಕನಿಗಾಗಿ ಹುಡುಕಿದೆ. ಓಪನ್ ಸೋರ್ಸ್ ಅಂತಾರಲ್ಲ, ಅಂಥದ್ದು. ಎಲ್ಲೆಲ್ಲಿಯದೋ ಜನ ಬಿಡುವಿನಲ್ಲಿ ಸೇರಿ ಕಟ್ಟುವುದು, ಯಾರು ಬೇಕಾದರೂ ತಿದ್ದಬಹುದಾದದ್ದು. ಅದರ ಕೈಪಿಡಿ ಇಂಗ್ಲಿಷಿನಲ್ಲಿ ಪೂರ್ತಿ ಇತ್ತು, ಕನ್ನಡದಲ್ಲಿ ಎರಡು ಪುಟಕ್ಕೆ ನಿಂತುಹೋಗಿತ್ತು. ಆ ಎರಡು ಪುಟದ ಕನ್ನಡವೋ, ದೇವರಿಗೇ ಪ್ರೀತಿ! ಉಳಿದದ್ದನ್ನು ನಾನೇ ಬರೆಯತೊಡಗಿದೆ. ಕಂಪನಿ ಬಸ್ಸಿನಲ್ಲಿ ಕುಳಿತು ಮೊಬೈಲಿನಲ್ಲಿ ಬರೆದದ್ದೇ ಹೆಚ್ಚು. ಬರೆದು ಕಳಿಸಿದ್ದನ್ನು ಕನ್ನಡ ಬಲ್ಲ ಪರಿಶೀಲಕರೊಬ್ಬರು ಓದಿ, ಒಪ್ಪಿದರೆ ಸೇರಿಸುತ್ತಿದ್ದರು. ಅವರ ಮುಖ ನಾನು ನೋಡಿಲ್ಲ. ನನ್ನ ಅಲ್ಪವಿರಾಮಗಳನ್ನೆಲ್ಲ ಹೆಕ್ಕಿ ತೆಗೆಯುವಷ್ಟು ಪುರುಸೊತ್ತು ಪುಣ್ಯಾತ್ಮನಿಗೆ.

ಭಾನುವಾರ ಸಂಡೂರಿಗೆ ಹೋಗಿ, ಬರೆದದ್ದನ್ನು ಓದಿ ಹೇಳುತ್ತ, ಅಕ್ಕನ ಬೆರಳು ಹಿಡಿದು ಕೀಲಿಗಳ ಮೇಲೆ ಆಡಿಸುತ್ತಿದ್ದೆ. ಕಲಿಯುತ್ತಿದ್ದಾಳೆ ಅಂದುಕೊಂಡಿದ್ದೆ. ಒಂದು ಭಾನುವಾರ ಕಂಪ್ಯೂಟರಿಗೆ ಬಟ್ಟೆ ಹೊದಿಸಿ ಕುಳಿತಿದ್ದಳು.

"ಬ್ಯಾಡ ಬಿಡವಾ, ಇದು ನನ್ನ ಕೈಲಿ ಆಗೂದಲ್ಲ. ಭಾಳ ಮಾತಾಡ್ತೈತಿ. ಒಂದ್ ಪ್ರಶ್ನಿ ಟೈಪ್ ಮಾಡೂದ್ರಾಗ ಮುಂಜಾನಿ ಮುಗದ್ ಹೋಗ್ತೈತಿ."

"ಅಷ್ಟೊತ್ತು ಯಾಕ ಬೇಕು? ನನ್ನ ಮುಂದ ಮಾಡು, ನೋಡೋಣು," ಎಂದು ಬಟ್ಟೆ ಕಿತ್ತು ಪಕ್ಕಕ್ಕೆಸೆದೆ.

ಅವತ್ತು ನಾನು ಕೈ ಹಾಕಲಿಲ್ಲ, ಸುಮ್ಮನೆ ನೋಡಿದೆ. ಅಕ್ಕ ಫೈಲು ತೆರೆದಳು. ಯಂತ್ರ ಮೊದಲ ಸಾಲಿನಿಂದ ಓದತೊಡಗಿತು. ಅವಳು ಎರಡೂ ಕೈಗಳನ್ನು ಮಡಿಲಿಗೆ ತೆಗೆದುಕೊಂಡು, ತಲೆ ತುಸು ಬಗ್ಗಿಸಿ ಕುಳಿತಳು. ಅದು ಪುಟವಿಡೀ ಓದಿ ಮುಗಿಸಿದ ಮೇಲೆ ಒಂದು ಕೀ ಒತ್ತಿದಳು. ಅದು ಮತ್ತೆ ಶುರುಮಾಡಿತು. ಕೈಗಳು ಮತ್ತೆ ಮಡಿಲಿಗೆ ಹೋದವು.

"ಯಾಕ ಸುಮ್ನ ಕುಂತಿ?"

"ಅದು ಮಾತಾಡಾಕತ್ತೈತಲ್ಲ."

"ಅಯ್ಯ ನಮ್ಮವ್ವ! ನಡುವ ಕಂಟ್ರೋಲ್ ಒತ್ತು, ಬಾಯಿ ಮುಚ್ಚತೈತಿ."

"ನಡುವ?" ಎಂದಳು. ಮಾಡಬಾರದ್ದನ್ನು ಮಾಡಲು ಹೇಳಿದೆನೇನೋ ಎಂಬಂತಿತ್ತು ದನಿ.

ಪಾಪಿನಾಯಕನಹಳ್ಳಿಯ ನಮ್ಮ ಮನೆಯಲ್ಲಿ, ಯಾರಾದರೂ ಮಾತಾಡುವಾಗ ನಡುವೆ ಬಾಯಿ ಹಾಕಿದರೆ ಅವ್ವ ತಲೆಗೆ ಮೊಟಕುತ್ತಿದ್ದಳು. ಎಷ್ಟು ಮೊಟಕಿದರೂ ನನ್ನ ಬಾಯಿ ನಿಲ್ಲಲಿಲ್ಲ. ಅಕ್ಕ ಮಾತ್ರ ಒಮ್ಮೆ ಕಲಿತದ್ದನ್ನು ಬಿಡಲಿಲ್ಲ. ಗಂಡನ ಮನೆಯಲ್ಲಿ, ಶಾಲೆಯಲ್ಲಿ, ಎದುರಿನವರು ಮಾತು ಮುಗಿಸುವವರೆಗೆ ಕಾಯುವುದೇ ಅವಳ ನಡೆ. ಈಗ ಯಂತ್ರಕ್ಕೂ ಅದೇ ಮರ್ಯಾದೆ. ನನಗೆ ಮೊದಲು ನಗು ಬಂತು, ಆಮೇಲೆ ಕೈಪಿಡಿ ತೆರೆದು ನೋಡಿದೆ. ಮಾತು ನಿಲ್ಲಿಸುವ ಕೀ ಕೈಪಿಡಿಯ ಕಟ್ಟಕಡೆಗೆ 'ಇತರೆ' ಎಂಬ ಭಾಗದಲ್ಲಿತ್ತು. ಇದನ್ನು ಹೇಳಿಕೊಡಬೇಕು ಎಂದು ಯಾರಿಗೂ ಅನಿಸಿರಲಿಲ್ಲ.

ಅದನ್ನು ಮೊದಲ ಪುಟಕ್ಕೆ ತಂದೆ. "ಇದು ಮಾತಾಡುತ್ತಿರುವಾಗ ನೀವು ನಡುವೆ ಬಾಯಿ ಹಾಕಬಹುದು. ಕಂಟ್ರೋಲ್ ಕೀ ಒತ್ತಿದರೆ ಸುಮ್ಮನಾಗುತ್ತದೆ. ಇದಕ್ಕೆ ಬೇಸರವಾಗುವುದಿಲ್ಲ." ಕೊನೆಯ ವಾಕ್ಯ ಅನವಶ್ಯಕ, ಸಾಫ್ಟ್‌ವೇರಿಗೆ ಭಾವನೆಗಳಿಲ್ಲವೆಂದು ಎಲ್ಲರಿಗೂ ಗೊತ್ತು, ತೆಗೆಯಿರಿ ಎಂದು ಪರಿಶೀಲಕರು ಬರೆದರು. ನನಗೆ ಮೈಯೆಲ್ಲ ಉರಿದುಹೋಯಿತು. "ಎಲ್ಲರಿಗೂ ಗೊತ್ತಿರಬಹುದು, ನಮ್ಮಕ್ಕನಿಗೆ ಗೊತ್ತಿರಲಿಲ್ಲ," ಎಂದು ಶುರುಮಾಡಿ ನಡೆದದ್ದನ್ನೆಲ್ಲ ಬರೆದೆ. ಆಮೇಲೆ ಉತ್ತರ ಬಂತು: "ನಮ್ಮ ತಾಯಿಯೂ ಹೀಗೇ ಕಾಯುತ್ತಾರೆ. ಕಂಪ್ಯೂಟರ್ ನಿಧಾನ ಅಂದುಕೊಂಡಿದ್ದೆ. ವಾಕ್ಯ ಇರಲಿ."

ಅಕ್ಕನಿಗೆ ಆ ಪುಟವನ್ನು ಯಂತ್ರವೇ ಓದಿ ಹೇಳಿತು. ಮೊದಮೊದಲು ಕಂಟ್ರೋಲ್ ಒತ್ತುವಾಗ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಬರಬರುತ್ತ ಕೈ ಓಡತೊಡಗಿತು. ರಜೆ ಮುಗಿಯುವ ಮುಂಚೆ ಏಳನೆಯ ತರಗತಿಯ ಪ್ರಶ್ನೆಪತ್ರಿಕೆಯನ್ನು ಪೂರ್ತಿ ತಾನೇ ಮಾಡಿ ಪ್ರಿಂಟ್ ತೆಗೆಸಿದಳು. ಇಬ್ಬರೂ ಕಾರ್ಯದರ್ಶಿಯ ಹತ್ತಿರ ಹೋದೆವು.

ಅವರು ಹಾಳೆ ನೋಡುವ ಮುಂಚೆಯೇ ಶುರುಮಾಡಿದರು. "ನೋಡ್ರಿ ಮೇಡಂ, ನೀವು ಭಾಳ ಕಷ್ಟ ಪಟ್ಟೀರಿ, ಖರೆ. ಆದ್ರ ಪಾಲಕರು ಏನಂತಾರ ಅನ್ನೂದನ್ನೂ ನಾವು ನೋಡ್ಬೇಕಲ್ರಿ. ಸದ್ಯಕ್ಕ ನೀವು ಲೈಬ್ರರಿಯಾಗ ಕುಂದ್ರಿ, ಮುಂದ..."

ನನ್ನ ನಾಲಿಗೆ ತುದಿಗೆ ಮಾತು ಬಂದಿತ್ತು. ಅಕ್ಕ ತಡವಿ ನನ್ನ ಮೊಣಕಾಲು ಒತ್ತಿ ಹಿಡಿದಳು. ಮುಗಿಯಿತು, ಇನ್ನು ಹೂಂ ಸರ್ ಅನ್ನುತ್ತಾಳೆ ಅಂದುಕೊಂಡೆ.

"ಒಂದ್ ನಿಮಿಷ ನಿಲ್ರಿ ಸರ್," ಎಂದಳು, ಅವರ ಮಾತಿನ ನಡುವೆಯೇ. "ಬ್ಯಾಸರ ಮಾಡ್ಕೋಬ್ಯಾಡ್ರಿ. ನೀವು ಹೇಳಿದ್ದು ಮಾಡೀನಿ. ಪೇಪರ್ ಇಲ್ಲೈತಿ, ಓದಿ ನೋಡ್ರಿ. ನನ್ನ ಕ್ಲಾಸು ನನಗ ಬೇಕು."

ಅವರು ಓದಿದರು. ಹಾಳೆ ತಿರುಗಿಸಿ ಇನ್ನೊಮ್ಮೆ ಓದಿದರು. "ಆತ್ರಿ. ಸಾಲಿ ಶುರು ಆದಕೂಡ್ಲೆ ಕ್ಲಾಸಿಗೇ ಬರ್ರಿ," ಎಂದರು.

ಹೊರಗೆ ಬಂದು ಅಕ್ಕ ನನ್ನ ತೋಳು ಹಿಡಿದು ಬಸ್ ನಿಲ್ದಾಣದ ಕಡೆ ಹೊರಟಳು. ನನಗೋ ಕುಣಿಯುವಷ್ಟು ಖುಷಿ. "ಅಕ್ಕಾ, ಮಸ್ತ್ ಹೇಳಿದಿ ನೋಡು, ಆ ಮನಷ್ಯಾನ ಮುಖ ಹೆಂಗಾಗಿತ್ತಂದ್ರ..." ಎಂದು ಶುರುಮಾಡಿದೆ.

"ಸಾಕು, ಸುಮ್ನ ನಡಿ," ಎಂದಳು ಅಕ್ಕ. "ನಿನ್ನ ಬಸ್ಸು ಬಂದ ಸಪ್ಪಳ ಕೇಳಾಕತ್ತೈತಿ."

ಹುಟ್ಟಿದಾಗಿನಿಂದ ನನ್ನ ಮಾತನ್ನು ಅವಳು ಕತ್ತರಿಸಿದ್ದು ಅದೇ ಮೊದಲು. ಬಾಯಿ ಮುಚ್ಚಿಕೊಂಡು ಬಸ್ ಹತ್ತಿದೆ.