ತೈ ಚಿಯಲ್ಲಿ ಒಂದು ನಿಜವಾದ ಪಟ್ಟು

ಮಂಜೇಗೌಡರ ತಲೆ ಕಲ್ಲುಬೆಂಚಿನ ಮೂಲೆಯ ಪಕ್ಕದಲ್ಲೇ ಹಾದುಹೋದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ. ಆದರೆ ನಾನು ಹಲ್ಲುಜ್ಜುವಾಗ ಅದು ಮತ್ತೆ ಕಣ್ಣೆದುರು ಬರುವುದು ಎಷ್ಟು ನಿಧಾನವಾಗಿ ಎಂದರೆ, ಇಡೀ ಹಾಸನದಲ್ಲಿ ತೈ ಚಿಯನ್ನು ಸರಿಯಾಗಿ ಕಲಿತಿರುವುದು ನನ್ನ ಭಯ ಒಂದೇ ಎನಿಸುತ್ತದೆ.

ತೈ ಚಿ ಎಂದರೆ ನೀರಿನೊಳಗೆ ನಡೆದಂತೆ ಕೈಕಾಲು ಆಡಿಸುವ ಚೀನೀಯರ ವ್ಯಾಯಾಮ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಅದನ್ನು ಹೇಳಿಕೊಡುವವರು ಹೊಳೆನರಸೀಪುರದ ಶೇಷಾದ್ರಿ ಮೇಷ್ಟ್ರು, ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಅದು ಮೂಲತಃ ಯುದ್ಧವಿದ್ಯೆ, ಪೂರ್ತಿ ಹೆಸರಿನ ಕೊನೆಯ ಪದಕ್ಕೆ ಮುಷ್ಟಿ ಎಂದೇ ಅರ್ಥ ಎಂದು ಆಗಾಗ ನೆನಪಿಸುತ್ತಾರೆ. ಮಂಡಿನೋವಿನವರಾದ ನಾವು ಆ ಮುಷ್ಟಿಯನ್ನು ಬಿಟ್ಟು ಉಳಿದದ್ದನ್ನು ಶ್ರದ್ಧೆಯಿಂದ ಮಾಡುತ್ತಿದ್ದೆವು.

ತಕರಾರು ತೆಗೆದವರು ಮಂಜೇಗೌಡರು. ಚನ್ನರಾಯಪಟ್ಟಣದ ಕಡೆಯವರು, ಹರೆಯದಲ್ಲಿ ಗರಡಿಮನೆಯ ಮಣ್ಣು ಮೆತ್ತಿಕೊಂಡವರು, ಈಗ ಗೊಬ್ಬರದ ಅಂಗಡಿ ಇಟ್ಟಿದ್ದಾರೆ.

"ಇಂಗೆ ಗಾಳಿ ಸವರ್ಕಂಡಿದ್ರೆ ಯಾವನ್ ಬೀಳ್ತಾನೆ ಸಾ? ಒಂದ್ ಕಿತ ನಿಜವಾಗ್ಲೂ ಇಡ್ಕಂಡ್ ನೋಡವಾ."

"ಆಗಲಿ ಗೌಡ್ರೇ. ಕಲಿಸಿದ್ದೆಲ್ಲ ಮರೆತು ನಿಮಗೆ ತೋಚಿದ ಹಾಗೆ ಬನ್ನಿ," ಎಂದರು ಮೇಷ್ಟ್ರು. ಇಷ್ಟು ವರ್ಷ ಕಲಿಸಿದ್ದು ವಿದ್ಯೆಯೋ ಬರಿಯ ಕುಣಿತವೋ ಎಂಬ ಅನುಮಾನ ಅವರಿಗೂ ಒಳಗೊಳಗೇ ಇತ್ತೆಂದು ಕಾಣುತ್ತದೆ.

ಇಬ್ಬರೂ ಎದುರುಬದುರು ನಿಂತರು. ಗರಡಿಯಲ್ಲಿ ಪಳಗಿದವರು ಹಿರಿಯರೊಂದಿಗೆ ಕೈ ಮಿಲಾಯಿಸುವ ಮುಂಚೆ ಕಾಲು ಮುಟ್ಟಿ ನಮಸ್ಕರಿಸುತ್ತಾರೆ. ಗೌಡರು ಹಾಗೆ ಬಗ್ಗಿದರು. ಎತ್ತಿ ಕೆಡವಲು ಕಾಲಿಗೇ ಕೈ ಹಾಕಿದರು ಎಂದುಕೊಂಡರು ಮೇಷ್ಟ್ರು. ಅವರ ಸೊಂಟ ತುಸು ತಿರುಗಿತು, ಅಂಗೈ ಗೌಡರ ಭುಜಕ್ಕೆ ತಗುಲಿತು. ಗೌಡರ ಅಷ್ಟೂ ಭಾರ ಭಕ್ತಿ ಹೊರಟಿದ್ದ ದಿಕ್ಕಿನಲ್ಲೇ ಮುಂದಕ್ಕೆ ಹೋಗಿ ಬೆಂಚಿನ ಪಕ್ಕ ಬಿತ್ತು. ಶಾಂತವಾಗಿ ಉಸಿರಾಡುವುದನ್ನು ಕಲಿತಿದ್ದ ನಾನು ಕಿರುಚಿದ ರಭಸಕ್ಕೆ ರಸ್ತೆಯಲ್ಲಿ ಹೋಗುತ್ತಿದ್ದ ಆಟೋ ನಿಂತಿತು.

ಗೌಡರು ಅಂಗಾತ ಹೊರಳಿ, ತಲೆ ಮುಟ್ಟಿ ನೋಡಿಕೊಂಡರು. "ನಮಸ್ಕಾರ ಮಾಡಕ್ ಬಂದ್ರೆ ಇಂಗ್ ಬಿಸಾಕದಾ ಸಾ!"

ಮೇಷ್ಟ್ರು ಬೆಂಚಿನ ಮೂಲೆ ಮುಟ್ಟಿ ನೋಡಿದರು. "ಸ್ವಲ್ಪದರಲ್ಲಿ ತಪ್ಪಿತು. ನಾಳೆಯಿಂದ ನಾನು ಬರೋದಿಲ್ಲ. ಇದನ್ನ ಇನ್ನು ಯಾರಿಗೂ ಹೇಳಿಕೊಡೋದಿಲ್ಲ."

ತನ್ನ ವಿದ್ಯೆ ನಿಜವೆಂದು ಗೊತ್ತಾದ ದಿನವೇ ಅದನ್ನು ಬಿಡಲು ಹೊರಟ ಗುರುವನ್ನು ನಾನು ನೋಡಿದ್ದು ಅದೇ ಮೊದಲು.

"ಅದೆಂಗಾಯ್ತದೆ?" ಗೌಡರು ಎದ್ದು ಕೂತರು. "ನೀವ್ ಬರ್ದಿದ್ರೆ ನಾನ್ ಸುಮ್‌ಸುಮ್ಕೆ ಬಿದ್ದಂಗಾಗಲ್ವಾ ಸಾ?"

ಮರುದಿನ ಮೇಷ್ಟ್ರು ಬಂದರು.

ಈಗ ಸೆಣಸಾಟ ಹುಲ್ಲಿನ ಮೇಲೆ, ಬೆಂಚಿನಿಂದ ದೂರ. ಮೇಷ್ಟ್ರೇ ಹೆಚ್ಚು ಸಲ ಬೀಳುತ್ತಾರೆ. ಬಿದ್ದಾಗಲೆಲ್ಲ ಅವರ ಮುಖ ಇನ್ನಷ್ಟು ಗೆಲುವಾಗುತ್ತದೆ. ನಿಜವಾದ ಕಾದಾಟದಿಂದ ತೈ ಚಿ ಕಲಿಯಬಹುದೇ ಎಂದು ಯಾರಾದರೂ ಕೇಳಿದರೆ, ಬಿದ್ದವನೇ ಬೀಳಿಸಿದವನಿಗೆ ಸಮಾಧಾನ ಹೇಳುವಂಥ ಜೊತೆ ಸಿಕ್ಕರೆ ಕಲಿಯಬಹುದು ಎನ್ನುತ್ತೇನೆ.

ನಿನ್ನೆ ನಾನೂ ಹುಲ್ಲಿಗೆ ಇಳಿದೆ. ಗೌಡರು ತಳ್ಳಿದರು, ಬಿದ್ದೆ. ನೆಲ ನಾನು ಅಂದುಕೊಂಡಿದ್ದಕ್ಕಿಂತ ಬಹಳ ಹತ್ತಿರದಲ್ಲಿತ್ತು.