ಹಾರನ್ನಿಗೆ ಏಳುತ್ತಿದ್ದ ಕೈ

ಅಪ್ಪನ ಬಲ ಭುಜಕ್ಕೆ ಯುದ್ಧದಲ್ಲಿ ಗುಂಡು ಹೊಕ್ಕಿತ್ತು. ಗಾಯ ಮಾಯ್ದರೂ ಅಲ್ಲೊಂದು ಗುಳಿ ಉಳಿದಿತ್ತು. ಆ ತೋಳನ್ನು ಎತ್ತಿದರೆ ಅವರ ಮುಖ ಕಿವುಚಿಕೊಳ್ಳುತ್ತಿತ್ತು, ತಲೆ ಬಾಚಿಕೊಳ್ಳುತ್ತಿದ್ದದ್ದೇ ಎಡಗೈಯಲ್ಲಿ. ಆದರೂ ಅವ್ವ ಗಾರ್ಮೆಂಟ್ಸಿಗೆ ಹೊರಟ ಮೇಲೆ ನಮ್ಮಿಬ್ಬರು ಅಕ್ಕತಂಗಿಯರಿಗೆ ಜಡೆ ಹಾಕಿ ಶಾಲೆಗೆ ಕಳಿಸುತ್ತಿದ್ದವರು ಅಪ್ಪನೇ. ನಮ್ಮನ್ನು ನೆಲದ ಮೇಲೆ ಕೂರಿಸಿ ತಾವು ಸ್ಟೂಲಿನ ಮೇಲೆ ಕೂತರೆ ಕೈ ಮೇಲೆತ್ತುವ ಗೋಜಿರಲಿಲ್ಲ.

ಬೆಳಗಾವಿ ಕಡೆಯ ಹಳ್ಳಿಯಿಂದ ಸೈನ್ಯಕ್ಕೆ, ಸೈನ್ಯ ಬಿಟ್ಟ ಮೇಲೆ ಪೀಣ್ಯದ ಕಾರ್ಖಾನೆಯ ಕಾವಲಿಗೆ, ಕೊನೆಗೆ ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನ ಗೇಟಿಗೆ. ಇಷ್ಟೂ ವರ್ಷ ಒಂದು ವಿಷಯದಲ್ಲಿ ಮಾತ್ರ ಅವರು ಸಲಿಗೆ ಕೊಡಲಿಲ್ಲ. ನಾವು ಆಟಕ್ಕೆ ಹಣೆಗೆ ಕೈಯಿಟ್ಟರೂ ಗದರುತ್ತಿದ್ದರು: "ತಲಿ ಮ್ಯಾಲ ಟೋಪಿ ಇಲ್ದ ಸೆಲ್ಯೂಟ್ ಹೊಡಿಬಾರ್ದವ್ವಾ. ಅದು ಆಟದ ಸಾಮಾನಲ್ಲ."

ಅಪ್ಪ ಆ ಗೇಟಿಗೆ ಸೇರುವ ಹೊತ್ತಿಗೆ ನಾನು ಬೊಮ್ಮಸಂದ್ರದ ಔಷಧಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಒಂದು ಭಾನುವಾರ ಊಟದ ಡಬ್ಬಿ ಕೊಡಲು ಗೇಟಿಗೆ ಹೋದೆ. ಕಾರೊಂದು ಹಾರನ್ ಹೊಡೆಯಿತು. ಅಪ್ಪ ಗೇಟು ತಳ್ಳಿದರು, ಅಟೆನ್ಷನ್ನಿನಲ್ಲಿ ನಿಂತು ಅದೇ ಬಲಗೈಯನ್ನು ಹಣೆಗೆ ಏರಿಸಿದರು. ಗಾಜು ಇಳಿಯಲೂ ಇಲ್ಲ. ಹಿಂದೆಯೇ ಇನ್ನೊಂದು ಕಾರು, ಇನ್ನೊಂದು ಹಾರನ್. ಡಬ್ಬಿಯನ್ನು ಗೇಟಿನ ಪಕ್ಕದ ಕುರ್ಚಿಯ ಮೇಲಿಟ್ಟೆ.

ಸೀದಾ ಅಸೋಸಿಯೇಷನ್ನಿನ ಕಾರ್ಯದರ್ಶಿಯ ಬಳಿ ಹೋದೆ. "ಸಾರ್, ನಮ್ಮಪ್ಪನ ಭುಜಕ್ಕೆ ಗುಂಡು ಬಿದ್ದಿದೆ. ಕೈ ಎತ್ತಿದ್ರೆ ನೋವಾಗತ್ತೆ. ಬೇಕಾದ್ರೆ ನಮಸ್ಕಾರ ಮಾಡ್ತಾರೆ."

ಆತ ನಕ್ಕ. "ಮೇಡಂ, ಮಿಲಿಟರಿಯವರು ಅಂತಾನೇ ಕೇಳಿ ಹಾಕಿಸ್ಕೊಂಡಿದ್ದು. ಅವರ ಸೆಲ್ಯೂಟಿಂದ ನಮ್ಮ ಗೇಟಿಗೆ ಒಂದು ಗತ್ತು ಕಣ್ರೀ."

ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ, ಇಳಿಯುವುದೂ ಬೇಡ. ಅದಕ್ಕಿಂತ ಹೆಚ್ಚಿನ ಸಿಟ್ಟು ಅಪ್ಪನ ಮೇಲೆ. ಮನೆಗೆ ಬಂದವರು ನನಗೇ ಬೈದರು: "ನನ್ನ ಡ್ಯೂಟಿಯೊಳಗ ನೀ ಯಾಕ ಬಾಯಿ ಹಾಕಿದಿ? ಕೈ ಎತ್ತೂದೇನು ದೊಡ್ಡ ಕೆಲಸ?" ಅಷ್ಟು ಹೇಳಿ ಎಡಗೈಯಲ್ಲಿ ಭುಜಕ್ಕೆ ಎಣ್ಣೆ ತಿಕ್ಕುತ್ತಾ ಕೂತರು. ನಾನು ತಿಕ್ಕಲು ಹೋದರೆ ಬೇಡವೆಂದರು. ಮುಂದೆಯೂ ವರ್ಷಗಟ್ಟಲೆ ಆ ಗೇಟಿನಲ್ಲೇ ನಿಂತರು. ಕೆಲಸ ಬಿಡಿಸಿದ್ದು ನಾನಲ್ಲ, ಪಾರ್ಶ್ವವಾಯು. ಅದೂ ಎಡಗಡೆಗೆ ಹೊಡೆಯಿತು.

ಕುಂದಲಹಳ್ಳಿಯ ನಮ್ಮ ಬಾಡಿಗೆ ಮನೆ ರಸ್ತೆಗೆ ಅಂಟಿಕೊಂಡಿತ್ತು. ಕೊನೆಯ ದಿನಗಳಲ್ಲಿ ಅಪ್ಪನಿಗೆ ನಮ್ಮ ಗುರುತು ಹತ್ತುತ್ತಿರಲಿಲ್ಲ, ಮಾತೂ ನಿಂತಿತ್ತು. ಆದರೆ ಬಲಗೈ ಆಗಾಗ ನಡುಗುತ್ತಾ ಹಣೆಯವರೆಗೆ ಏಳುತ್ತಿತ್ತು. ನೋಡಲು ಬಂದ ಅತ್ತೆ, ಅಪ್ಪನ ತಂಗಿ, ಕಣ್ಣೊರೆಸಿಕೊಂಡಳು. "ನೋಡವ್ವಾ, ನಮ್ಮಣ್ಣ ಈಗೂ ದೇಶಕ್ಕ ಸೆಲ್ಯೂಟ್ ಹೊಡಿತಾನ."

ತಲೆಯ ಮೇಲೆ ಟೋಪಿಯಿಲ್ಲದ್ದು ಅವಳಿಗೆ ಕಾಣಲಿಲ್ಲ. ಹೊರಗೆ ಹಾರನ್ ಕೇಳಿದಾಗ ಮಾತ್ರ ಆ ಕೈ ಏಳುತ್ತದೆಂಬುದೂ ತಿಳಿಯಲಿಲ್ಲ.

"ದೇಶಕ್ಕಲ್ಲ ಅತ್ತಿ, ಕಾರಿಗೆ," ಎಂದೆ.

ಎದ್ದು ಕಿಟಕಿ ಮುಚ್ಚಿದೆ. ಮಂಚದ ಪಕ್ಕ ಕೂತು ಅವರ ಬಲಗೈಯನ್ನು ನನ್ನೆರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ. ರಸ್ತೆಯಲ್ಲಿ ಮತ್ತೆ ಹಾರನ್ ಕೇಳಿಸಿತು. ಅಪ್ಪ ಕೈ ಬಿಡಿಸಿಕೊಂಡರು.